ದಿನ ಎಣಿಸಿ ಕ್ಯಾನುಲಾ ಬದಲಿಸುವುದನ್ನು ನಮ್ಮ ವಾರ್ಡಿನಲ್ಲಿ ಬಿಟ್ಟಿದ್ದು ಹೀಗೆ

ಮೂರು ದಿನ ಆಯ್ತಾ, ಕ್ಯಾನುಲಾ (ಡ್ರಿಪ್, ಔಷಧಿ ಕೊಡಲು ಕೈಯ ರಕ್ತನಾಳದಲ್ಲಿ ಇಡುವ ಸಣ್ಣ ಕೊಳವೆ) ತೆಗಿ, ಇನ್ನೊಂದು ಕೈಗೆ ಹಾಕು. ನಾವೆಲ್ಲ ಕಲಿತದ್ದು ಇದನ್ನೇ. ನಮ್ಮ ವಾರ್ಡಿನಲ್ಲಿ ಇದನ್ನು ನಿಲ್ಲಿಸಿ ವರ್ಷದ ಮೇಲಾಯಿತು. ಚುಚ್ಚಿದ ಜಾಗ ಕೆಟ್ಟರೆ ಮಾತ್ರ ಬದಲಿಸುತ್ತೇವೆ. "ಆಗಲ್ಲ ಬಿಡಿ ಸಿಸ್ಟರ್" ಅಂದವರೇ ಈಗ ಜಾಗ ನೋಡಿ ಸ್ಕೋರ್ ಬರೆಯುವ ನಮ್ಮ ಫಾರ್ಮ್ ಕೇಳಿಕೊಂಡು ಬರುತ್ತಿದ್ದಾರೆ.

ಪುರಾವೆಗೇನೂ ಬರ ಇರಲಿಲ್ಲ. 2012ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಕ್ವೀನ್ಸ್‌ಲ್ಯಾಂಡ್ ಟ್ರಯಲ್ ನೀವೂ ಓದಿರುತ್ತೀರಿ: 3,283 ರೋಗಿಗಳು, ದಿನ ಎಣಿಸಿ ಬದಲಿಸಿದ ಗುಂಪು, ಜಾಗ ಕೆಟ್ಟರೆ ಮಾತ್ರ ಬದಲಿಸಿದ ಗುಂಪು, ಎರಡರಲ್ಲೂ ಫ್ಲೆಬೈಟಿಸ್ (ರಕ್ತನಾಳದ ಉರಿಯೂತ) ಶೇ. 7. ಇಂಥ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡುವ ಕಾಕ್ರೇನ್ ವಿಮರ್ಶೆಗೂ ಫ್ಲೆಬೈಟಿಸ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಪೇಪರ್ ತೋರಿಸಿದೆ. ಎಲ್ಲರೂ ತಲೆ ಆಡಿಸಿದರು. ಮರುದಿನ ರೌಂಡ್ಸಿನಲ್ಲಿ ಮತ್ತೆ "ಲೈನ್ ಬದಲಿಸಿ" ಅಂದರು, ಲೈನ್ ಅಂದರೂ ಕ್ಯಾನುಲಾವೇ.

ಮೊದಲ ಫಾರ್ಮ್ ಪೂರ್ತಿ ಸೋತಿತು. ಎಲ್ಲ ಕಾಲಮ್ಮಿನಲ್ಲೂ ವಿಐಪಿ ಸ್ಕೋರ್ (ಫ್ಲೆಬೈಟಿಸ್ ಲಕ್ಷಣ ಎಷ್ಟಿದೆ ಅಂತ ನೋಡಿ ಕೊಡುವ ಅಂಕ) ಸೊನ್ನೆ, ಒಂದೇ ಪೆನ್ನು, ಒಂದೇ ಕೈಬರಹ. ಡ್ಯೂಟಿ ಮುಗಿಯುವಾಗ ಕೂತು ತುಂಬಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಆಮೇಲೆ ಒಂದೇ ಕೈಯನ್ನು ಇಬ್ಬರು ಬೇರೆ ಬೇರೆಯಾಗಿ ನೋಡಿ ಬರೆಯುವ ಹಾಗೆ ಮಾಡಿದೆ. ಸ್ಕೋರ್ ಹೊಂದಲೇ ಇಲ್ಲ! ಜಗಳ ಎಲ್ಲ ಕೆಂಪು ಬಣ್ಣದ ಮೇಲೆ. ಕಪ್ಪು ಚರ್ಮದಲ್ಲಿ ಕೆಂಪು ಎಲ್ಲಿ ಕಾಣುತ್ತದೆ? ಬೆರಳಿನ ಹಿಂಬದಿಯಿಂದ ಮುಟ್ಟಿ ಬಿಸಿ ಇದೆಯಾ ನೋಡಿ, ಎರಡೂ ಕೈ ಹೋಲಿಸಿ, ರಕ್ತನಾಳದ ಉದ್ದಕ್ಕೆ ಮೆಲ್ಲಗೆ ಒತ್ತಿ ಗಟ್ಟಿಯಾಗಿದೆಯಾ ನೋಡಿ, ನೋವಿದೆಯಾ ಕೇಳಿ. ಇಷ್ಟು ಸೇರಿಸಿದ ಮೇಲೆ ಹತ್ತರಲ್ಲಿ ಎಂಟೊಂಬತ್ತು ಸಲ ಇಬ್ಬರದ್ದೂ ಒಂದೇ ಸ್ಕೋರ್ ಬರತೊಡಗಿತು. ಎರಡು ದಾಟಿದರೆ ಅಲ್ಲ, ಎರಡು ಬಂದರೇ ತೆಗೆಯಬೇಕು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಆಮೇಲೆ ದುಡ್ಡಿನ ರಗಳೆ. ಹತ್ತಿ, ಪ್ಲಾಸ್ಟರ್ ಸುತ್ತಿದರೆ ಜಾಗವೇ ಕಾಣುವುದಿಲ್ಲ, ಪಾರದರ್ಶಕ ಡ್ರೆಸ್ಸಿಂಗ್ ಬೇಕು. ಸ್ಟೋರಿನವರು ಇಂಡೆಂಟ್ ವಾಪಸ್ ಕಳಿಸಿದರು: ದುಬಾರಿ. ಹಳೆಯ ಸ್ಟಾಕ್ ರಿಜಿಸ್ಟರ್ ತೆಗೆಸಿ ಲೆಕ್ಕ ಹಾಕಿದೆ. ತಿಂಗಳಿಗೆ ಮುನ್ನೂರರ ಹತ್ತಿರ ಕ್ಯಾನುಲಾ ಹೋಗುತ್ತಿದ್ದದ್ದು ಇನ್ನೂರಕ್ಕೆ ಇಳಿದಿತ್ತು. ಒಂದೊಂದರ ಜೊತೆಗೂ ಗ್ಲೌಸ್, ಸ್ವ್ಯಾಬ್, ಸಿರಿಂಜ್, ನಮ್ಮ ಕಾಲು ಗಂಟೆ. ಡ್ರೆಸ್ಸಿಂಗಿನ ಖರ್ಚು ಕಳೆದರೂ ಮಿಕ್ಕಿತು. ಆ ಹಾಳೆ ನೋಡಿದ ಮೇಲೆ ಸಹಿ ಬಿತ್ತು. ಲ್ಯಾನ್ಸೆಟ್ಟಿಗೆ ಆಗದ ಕೆಲಸ ಸ್ಟಾಕ್ ರಿಜಿಸ್ಟರ್ ಮಾಡಿತು.

ಅಷ್ಟರಲ್ಲಿ ಒಬ್ಬರು ನಮ್ಮ ಅಂಕಿಯನ್ನೇ ಹಿಡಿದು ಬಂದರು. ನೂರು ಕ್ಯಾನುಲಾಕ್ಕೆ ಫ್ಲೆಬೈಟಿಸ್ ಮೊದಲು ಎಂಟರಷ್ಟಿತ್ತು, ಈಗ ಹತ್ತು, ಜಾಸ್ತಿ ಆಯ್ತಲ್ಲ ಅಂದರು. ಆಗಿದೆ, ಇಲ್ಲ ಅನ್ನಲಿಲ್ಲ. ಆದರೆ ಒಂದೊಂದು ಕ್ಯಾನುಲಾ ಮೊದಲು ಎರಡೂವರೆ ದಿನದ ಮೇಲೆ ಸ್ವಲ್ಪ ಇರುತ್ತಿತ್ತು, ಈಗ ನಾಲ್ಕು ದಿನ ಇರುತ್ತದೆ. ಭಾಗಿಸಬೇಕಾದ್ದು ಕ್ಯಾನುಲಾ ಇದ್ದ ದಿನಗಳಿಂದ ಅಲ್ವಾ? ಹಾಗೆ ಮಾಡಿದರೆ ಸಾವಿರ ದಿನಕ್ಕೆ ಮೂವತ್ತರ ಆಸುಪಾಸು ಇದ್ದದ್ದು ಇಪ್ಪತ್ತೈದಕ್ಕೆ ಬಂತು. ಇಷ್ಟು ಸಣ್ಣ ವಾರ್ಡಿನ ಲೆಕ್ಕದಲ್ಲಿ ಇಳಿಯಿತು ಅಂತ ನಾನು ಬೀಗುವುದಿಲ್ಲ. ಏರಲಿಲ್ಲ, ನನಗೆ ಅಷ್ಟು ಸಾಕು. ಮೊದಲಿನ ಮೂರು ತಿಂಗಳ ಅಂಕಿಯನ್ನು ಮುಂಚೆಯೇ ಬರೆದಿಡದಿದ್ದರೆ ಈ ವಾದ ಆವತ್ತೇ ಸೋಲುತ್ತಿತ್ತು.

ನಡುವೆ ಸುಮ್ನೆ ಇನ್ನೊಂದನ್ನೂ ನೋಡಿದೆ. ಅಂಗೈ ಹಿಂಭಾಗದ ಬದಲು ಮುಂಗೈಗೆ (ಮಣಿಕಟ್ಟು, ಮೊಣಕೈ ನಡುವೆ) ಹಾಕಿದವು ಜಾಸ್ತಿ ದಿನ ಬಾಳಿದವು. ಮೊಣಕೈ ಮಡಿಕೆಯಲ್ಲಿ ಹಾಕಿದವೇ ಬೇಗ ಹೋದದ್ದು. ಫ್ಲಶ್ (ಸಲೈನ್ ಹರಿಸಿ ಕ್ಯಾನುಲಾ ತೊಳೆಯುವುದು) ಕೊಡುವ ರೀತಿಯನ್ನೂ ಬದಲಿಸಿ ನೋಡಿದೆ, ಅದರಲ್ಲಿ ಏನೂ ಗೊತ್ತಾಗಲಿಲ್ಲ, ಬಿಟ್ಟೆ.

ನೈಟ್ ಡ್ಯೂಟಿಯಲ್ಲೂ ಸ್ಕೋರ್ ನಿಜವಾಗಿ ನೋಡಿಯೇ ಬರೆಯುವ ಹಾಗೆ ಹೇಗೆ ಮಾಡಿದೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಮಾತ್ರ ಬರೆಯಲ್ಲ, ಗೊತ್ತಾದರೆ ನಮ್ಮವರೇ ಹುಷಾರಾಗುತ್ತಾರೆ.

ತುರ್ತಿನಲ್ಲಿ, ಶುಚಿ ನೋಡಲು ಪುರುಸೊತ್ತಿಲ್ಲದೆ ಹಾಕಿದ ಲೈನ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಈಗಲೂ 48 ಗಂಟೆಯೊಳಗೆ ತೆಗೆಯುತ್ತೇವೆ. ಬೇಡವಾದ ಲೈನನ್ನು ಅದೇ ದಿನ ತೆಗೆಯುತ್ತೇವೆ, ಅದಕ್ಕೆ ಸ್ಕೋರೂ ಬೇಕಿಲ್ಲ.