ಗೊರಸಿನೊಳಗಿನ ಜೀವಪೊರೆ: ಚಾಕು ಎಲ್ಲಿ ನಿಲ್ಲಬೇಕು

ಮಂಡ್ಯ ಸುತ್ತಿನ ಹಳ್ಳಿಗಳಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಮಿಶ್ರತಳಿ ಹಸುಗಳ ಗೊರಸು ಸವರುವಾಗ ನಾನು ಮರೆಯದ ಪದ ‘ಕೆರಾಟೋಜೀನಸ್ ಮೆಂಬ್ರೇನ್’. ಗ್ರೀಕಿನಲ್ಲಿ ‘ಕೆರಸ್’ ಅಂದರೆ ಕೊಂಬು. ಇದು ಕೊಂಬು ಹುಟ್ಟಿಸುವ ಪೊರೆ. ಕೊಂಬಿನ ಚಿಪ್ಪು, ಗೊರಸು ಎರಡೂ ಕೆರಟಿನ್ ಎಂಬ ಗಟ್ಟಿ ಪ್ರೋಟೀನೇ ಆದ್ದರಿಂದ ಗೊರಸಿಗೂ ಅದೇ ಮಾತು. ಹಳೆಯ ಪಠ್ಯಗಳಲ್ಲಿ ಗೊರಸಿನೊಳಗಿನ ಕೋರಿಯಂಗೆ, ಅಂದರೆ ಗೊರಸಿನಡಿಯ ಜೀವಂತ ಒಳಚರ್ಮಕ್ಕೆ, ಈ ಹೆಸರಿದೆ. ಆದರೆ ಗೊರಸನ್ನು ಕಟ್ಟುವುದು ಕೋರಿಯಂ ಮೇಲೆ ಹಾಸಿದ ಹೊರಚರ್ಮದ ಜೀವಕೋಶಗಳು. ರಕ್ತನಾಳ, ನರ ತುಂಬಿದ ಕೋರಿಯಂ ಅವಕ್ಕೆ ಆಹಾರ ಒದಗಿಸುತ್ತದೆ. ರಕ್ತ ಬಂತೆಂದರೆ ಚಾಕು ಆ ಕೋಶಗಳನ್ನೂ ದಾಟಿ ಹೋಗಿದೆ ಅಂತಲೇ ಅರ್ಥ.

ಗೊರಸಿನ ಗೋಡೆ, ಅಂದರೆ ಹೊರಗೆ ಕಾಣುವ ಬದಿ, ಬೆಳೆಯುವುದು ಮೇಲೆ ಕೂದಲು ಮುಗಿಯುವ ಅಂಚಿನಿಂದ, ತಿಂಗಳಿಗೆ ಸುಮಾರು 5 ಮಿ.ಮೀ. ಅಲ್ಲಿ ಬಿದ್ದ ಗೀರು ತುದಿಗೆ ಇಳಿಯಲು ವರ್ಷ ದಾಟುತ್ತದೆ. ತಳ ತನ್ನ ನೆತ್ತಿಯ ಮೇಲಿರುವ ಪೊರೆಯಿಂದಲೇ ಬೆಳೆಯುತ್ತದೆ. ಒಳಗೆ ಆದ ಕಲೆ ಬೆಳವಣಿಗೆಯ ಜೊತೆ ಕೆಳಗಿಳಿದು ಕಾಣಲು ಸಮಯ ಬೇಕು. ಹಾಗಾಗಿ ಇವತ್ತು ತಳದಲ್ಲಿ ರಕ್ತದ ಕಲೆ ಕಂಡರೆ ಎರಡು ತಿಂಗಳ ಹಿಂದಿನ ಮೇವು ಕೇಳುತ್ತೇನೆ: ಕರು ಹಾಕಿದ ಕೂಡಲೇ ಹಿಂಡಿ, ನುಚ್ಚು ಏಕಾಏಕಿ ಏರಿಸಿ ಹುಲ್ಲು ಇಳಿಸಿದ್ದರಾ? ಹಸು ಸಿಮೆಂಟ್ ನೆಲದಲ್ಲೇ ನಿಂತಿತ್ತಾ?

ಹಿಂಗಾಲಿನ ಒಳಗೊರಸಿನಿಂದ, ಅಂದರೆ ಸೀಳು ಗೊರಸಿನ ಒಳಬದಿಯ ಹೋಳಿನಿಂದ, ಶುರು ಮಾಡುತ್ತೇನೆ. ಕೂದಲಂಚಿನಿಂದ ಮುಂಗೋಡೆಯ ಮೇಲೆ 7.5 ಸೆಂ.ಮೀ. ಅಳೆದು ತುದಿ ಕತ್ತರಿಸುವುದು; ಬಹಳ ದೊಡ್ಡ ಹಸುವಾದರೆ ಇನ್ನೂ ಸ್ವಲ್ಪ ಬಿಡಬೇಕು. ಆಮೇಲೆ ತಳವನ್ನು ತೆಳು ಸಿಪ್ಪೆಯಾಗಿ ಸವರಿ, ತುದಿಯ ಹತ್ತಿರ ಕನಿಷ್ಠ 5 ಮಿ.ಮೀ. ದಪ್ಪ ಉಳಿಸುತ್ತೇನೆ. ಒಳಗೊರಸಿನ ಹಿಮ್ಮಡಿ ಮುಟ್ಟುವುದಿಲ್ಲ. ಹೊರಗೊರಸನ್ನು ಅದಕ್ಕೆ ಸರಿಯಾಗಿ ತಗ್ಗಿಸುತ್ತೇನೆ, ಏಕೆಂದರೆ ಹಿಂಗಾಲಲ್ಲಿ ಹುಣ್ಣು ಸಾಮಾನ್ಯವಾಗಿ ಏಳುವುದು ಅಲ್ಲೇ.

ಬಿಳಿ ಗೊರಸಾದರೆ ಗುಲಾಬಿ ಬಣ್ಣ ಇಣುಕಿದಾಗಲೇ ಚಾಕು ಎತ್ತಬಹುದು. ಕಪ್ಪು ಗೊರಸಿನಲ್ಲಿ ಆ ಬಣ್ಣ ಕಾಣುವುದಿಲ್ಲ. ಎರಡು ಸಿಪ್ಪೆಗೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿ; ಸ್ವಲ್ಪ ಬಗ್ಗಿದರೂ ಸಾಕು, ಅಲ್ಲಿಗೇ ಬಿಡಿ.

ಪೊರೆ ಬಯಲಾದರೆ ಮೈಲುತುತ್ತದ ಪುಡಿ ಸುರಿಯಬೇಡಿ, ದಯವಿಟ್ಟು. ಗಾಯದ ಅಂಚಿನಿಂದ ಹರಡಿಕೊಂಡು ಬಂದು ಹೊಸ ಗೊರಸು ಕಟ್ಟಬೇಕಾದ ಎಳೆ ಕೋಶಗಳನ್ನೇ ಅದು ಸುಡುತ್ತದೆ. ಸುತ್ತ ಸಡಿಲವಾದ ಗೊರಸು ತೆಗೆದು, ಪಕ್ಕದ ಆರೋಗ್ಯವಂತ ಗೊರಸಿಗೆ ಮರದ ತುಂಡು ಅಂಟಿಸಿ, ಹುಣ್ಣಿನ ಮೇಲೆ ಭಾರ ಬೀಳದಂತೆ ಮಾಡಿ. ಕೊಟ್ಟಿಗೆ ಒಣಗಿರಲಿ. ನಾಲ್ಕಾರು ವಾರದಲ್ಲಿ ತುಂಡು ಬಿಚ್ಚಿ ನೋಡುತ್ತೇನೆ. ಅದಕ್ಕೂ ಮುಂಚೆ ಕುಂಟು ಹೆಚ್ಚಿದರೆ ಅದೇ ದಿನ.