ಒಂದು ಕಂಟೇನರ್‌ನಿಂದ ನೂರಕ್ಕೆ: ಗ್ರಿಡ್ ಬ್ಯಾಟರಿ ಯೋಜನೆ ನಡೆಸುವಾಗ ನಾನು ನೋಡುವುದೇನು

ಪೈಲಟ್‌ನಲ್ಲಿ, ಅಂದರೆ ಬ್ಯಾಟರಿ ತುಂಬಿದ ಒಂದೇ ಕಂಟೇನರ್ ಹಾಕಿ ನೋಡುವ ಪ್ರಯೋಗದ ಹಂತದಲ್ಲಿ, ತಿಂಗಳಿಗೊಂದು ಅಲಾರಂ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಬ್ಬರು ಹೋಗಿ ರೀಸೆಟ್ ಮಾಡಿ ಬರುತ್ತಾರೆ. ಕಂಟೇನರ್ ನೂರಾದಾಗ ಅದೇ ಅಲಾರಂ ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಬಡಿಯುತ್ತದೆ, ರಾತ್ರಿ ಪಾಳಿಯಲ್ಲೂ. ಹಾಗಾಗಿ ಪೈಲಟ್ ವರದಿ ಕೈಗೆ ಬಂದ ಕೂಡಲೇ ನಾನು ಕೇಳುವುದು ಈ ರೀಸೆಟ್‌ಗಳ ಪಟ್ಟಿ. ಪಟ್ಟಿ ಇಟ್ಟೇ ಇಲ್ಲವೆಂದರೆ ನನ್ನ ಮಟ್ಟಿಗೆ ಪೈಲಟ್ ಇನ್ನೂ ಮುಗಿದಿಲ್ಲ.

ಪೈಲಟ್‌ಗೆಂದೇ ಬೇರೆ ಚಿಕ್ಕ ಯಂತ್ರ ಕಟ್ಟಿಸುವುದಿಲ್ಲ. ಮುಂದೆ ನೂರು ಸಲ ಹಾಕಲಿರುವ ಘಟಕವನ್ನೇ ಒಂದು ಹಾಕಿಸುತ್ತೇನೆ. ಈಗ ಹೆಚ್ಚು ಬಳಕೆಯಲ್ಲಿರುವ 20 ಅಡಿ ಕಂಟೇನರ್‌ನ ಒಂದು ಲೆಕ್ಕ ಹೀಗಿದೆ: 314 ಆಂಪಿಯರ್-ಅವರ್‌ನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್, ತಲಾ 3.2 ವೋಲ್ಟ್, ಸರಣಿಯಲ್ಲಿ 416 ಸೆಲ್ ಸೇರಿದರೆ ಒಂದು ರ‍್ಯಾಕ್, ಸುಮಾರು 1,331 ವೋಲ್ಟ್, ಅಂಥ 12 ರ‍್ಯಾಕ್ ಎಂದರೆ 5 ಮೆಗಾವ್ಯಾಟ್-ಅವರ್. ತೂಕ 40 ಟನ್ ದಾಟುತ್ತದೆ, ಆದ್ದರಿಂದ ಅಡಿಪಾಯ, ರಸ್ತೆ, ಕ್ರೇನ್ ಎಲ್ಲಕ್ಕೂ ಮೊದಲೇ ಲೆಕ್ಕ ಹಾಕಿರಬೇಕು. ನೂರು ಕಂಟೇನರ್ ಎಂದರೆ ಹತ್ತಿರ ಹತ್ತಿರ ಐದು ಲಕ್ಷ ಸೆಲ್. ರ‍್ಯಾಕ್‌ನ ಸಾಮರ್ಥ್ಯವನ್ನು ನಿರ್ಧರಿಸುವುದು ಅದರೊಳಗಿನ ಅತಿ ದುರ್ಬಲ ಸೆಲ್. ಅದಕ್ಕೇ ಕಾರ್ಖಾನೆ ಪರೀಕ್ಷೆಯಲ್ಲಿ ಸರಾಸರಿ ಅಂಕಿ ಸಾಲದು, ಸೆಲ್‌ಗಳ ನಡುವಿನ ವ್ಯತ್ಯಾಸದ ಅಂಕಿಯನ್ನೂ ಕೇಳುತ್ತೇನೆ.

ಪಾಸು-ನಪಾಸಿನ ಗೆರೆಯನ್ನು ಪೈಲಟ್ ಶುರುವಾಗುವ ಮೊದಲೇ ಎಳೆಯಬೇಕು. ಜಗಳ ಹೆಚ್ಚಾಗಿ ದಕ್ಷತೆಯ ಮೇಲೆ ಹುಟ್ಟುತ್ತದೆ. ಬ್ಯಾಟರಿಯ ಡಿಸಿ ದಕ್ಷತೆ, ಅಂದರೆ ತುಂಬಿದ ವಿದ್ಯುತ್ತಿನಲ್ಲಿ ಬ್ಯಾಟರಿಯ ತುದಿಯಲ್ಲಿ ಮರಳಿ ಸಿಗುವ ಪಾಲು, ಶೇ 95 ಎಂದಿಟ್ಟುಕೊಳ್ಳಿ. ಹೋಗುವಾಗ ಬರುವಾಗ ಇನ್ವರ್ಟರ್‌ನಲ್ಲಿ (ಡಿಸಿ-ಎಸಿ ಬದಲಿಸುವ ಯಂತ್ರ) ಶೇ 2ರಂತೆ, ಟ್ರಾನ್ಸ್‌ಫಾರ್ಮರ್‌ನಲ್ಲಿ ಶೇ 1ರಂತೆ ಕಳೆದರೆ ಉಳಿಯುವುದು ಸುಮಾರು ಶೇ 89. ಚಿಲ್ಲರ್ (ತಂಪು ಮಾಡುವ ಯಂತ್ರ), ಪಂಪು, ಫ್ಯಾನುಗಳ ಪಾಲು ತೆಗೆದರೆ ಇನ್ನೂ ಕೆಳಗೆ. ವೆಂಡರ್ ಹೇಳುವುದು ಮೊದಲ ಅಂಕಿ, ಬ್ಯಾಂಕು ನಂಬಿ ಕೂತಿರುವುದು ಕೊನೆಯದು. ಯಾವ ಮೀಟರ್‌ನಲ್ಲಿ, ಎಷ್ಟು ಗಂಟೆಯ ಡಿಸ್‌ಚಾರ್ಜ್‌ನಲ್ಲಿ, ಹೊರಗೆ ಎಷ್ಟು ಉಷ್ಣಾಂಶವಿರುವಾಗ ಅಳೆಯುವುದು ಎಂಬ ಮೂರೂ ಒಪ್ಪಂದದ ಒಂದೇ ವಾಕ್ಯದಲ್ಲಿ ಇರಬೇಕು.

ದೊಡ್ಡ ಪ್ರಮಾಣದಲ್ಲಿ ಹೆಚ್ಚು ಕಾಡುವುದು ಚಾರ್ಜ್ ಮಟ್ಟದ ತಪ್ಪು ಲೆಕ್ಕ. ಎಲ್‌ಎಫ್‌ಪಿ ಸೆಲ್‌ನ ವೋಲ್ಟೇಜ್ ಗೆರೆ ನಡುಭಾಗದಲ್ಲಿ ಹೆಚ್ಚುಕಡಿಮೆ ಚಪ್ಪಟೆ. ಶೇ 30ರಲ್ಲಿರುವ ಸೆಲ್‌ಗೂ ಶೇ 80ರಲ್ಲಿರುವ ಸೆಲ್‌ಗೂ ವ್ಯತ್ಯಾಸ ಕೆಲವು ಹತ್ತು ಮಿಲಿವೋಲ್ಟ್ ಮಾತ್ರ. ಹಾಗಾಗಿ ಬಿಎಂಎಸ್ (ಬ್ಯಾಟರಿಯ ಮೇಲೆ ನಿಗಾ ಇಡುವ ವ್ಯವಸ್ಥೆ) ಒಳಹೋದ, ಹೊರಬಂದ ಕರೆಂಟನ್ನು ಕೂಡಿ ಕಳೆದು ಮಟ್ಟ ಹೇಳುತ್ತದೆ. ಸೆನ್ಸರ್‌ನ ಸಣ್ಣ ದೋಷ ದಿನದಿನವೂ ಸೇರುತ್ತಾ ಹೋಗುತ್ತದೆ. ಬ್ಯಾಟರಿ ಪೂರ್ತಿ ತುಂಬಿ ವೋಲ್ಟೇಜ್ ಮೇಲೇರಿದಾಗಲಷ್ಟೇ ಅದು ಸರಿಹೋಗುತ್ತದೆ. ಗ್ರಿಡ್‌ನ ಆವರ್ತನ (ಫ್ರೀಕ್ವೆನ್ಸಿ) ನಿಯಂತ್ರಣಕ್ಕೆ ಇಟ್ಟ ಬ್ಯಾಟರಿ ಸದಾ ಅರ್ಧದ ಆಸುಪಾಸಿನಲ್ಲೇ ಓಡಾಡುವುದರಿಂದ ಅದಕ್ಕೆ ಆ ಅವಕಾಶವೇ ಸಿಗುವುದಿಲ್ಲ. ಕೊನೆಗೆ ಪರದೆಯ ಮೇಲೆ ಶೇ 12 ಇನ್ನೂ ಇದೆ ಎಂದು ಕಾಣುತ್ತಿರುವಾಗಲೇ ಯಾವುದೋ ಒಂದು ಸೆಲ್ ತಳ ಮುಟ್ಟಿ ರ‍್ಯಾಕ್ ಟ್ರಿಪ್ ಆಗುತ್ತದೆ. ಇದಕ್ಕೆ ಮದ್ದು ಸಾಫ್ಟ್‌ವೇರ್‌ಗಿಂತ ವೇಳಾಪಟ್ಟಿಯಲ್ಲಿದೆ: ನಿಗದಿತ ಅವಧಿಗೊಮ್ಮೆ ಪೂರ್ತಿ ತುಂಬಿಸಿ ಸೆಲ್‌ಗಳ ಮಟ್ಟ ಸಮವಾಗಲು ಬಿಡುವ ಗಂಟೆಗಳನ್ನು ವಿದ್ಯುತ್ ಮಾರಾಟದ ಒಪ್ಪಂದದಲ್ಲೇ ಕಾದಿರಿಸಬೇಕು. ಆಮೇಲೆ ಕೇಳಿದರೆ ವ್ಯಾಪಾರ ವಿಭಾಗದವರು ಕೊಡುವುದಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಕೊಡುತ್ತಿರಲಿಲ್ಲ.

ಖರೀದಿಯ ಅನುಕ್ರಮ ತಲೆಕೆಳಗಾಗುವುದೂ ಸಾಮಾನ್ಯ. ಸೆಲ್ ಬೇಗ ಸಿಗುತ್ತದೆ, ದೊಡ್ಡ ಟ್ರಾನ್ಸ್‌ಫಾರ್ಮರ್ ಬರಲು ಎರಡು ಮೂರು ವರ್ಷವೂ ಹಿಡಿದೀತು. ಬ್ಯಾಟರಿ ಮೊದಲು ಬಂದಿಳಿದರೆ ಸೈಟ್‌ನಲ್ಲಿ ಚಿಲ್ಲರ್ ನಡೆಸಲು ಕರೆಂಟಿರುವುದಿಲ್ಲ. ಒಳಗೆ ತೇವ ಕಟ್ಟಿಕೊಳ್ಳುತ್ತದೆ, ಚಾರ್ಜ್ ಇಳಿಯುತ್ತದೆ, ವಾರಂಟಿಯ ಗಡಿಯಾರ ಮಾತ್ರ ನಡೆಯುತ್ತಲೇ ಇರುತ್ತದೆ. ಚಿಲ್ಲರ್‌ನಂಥವನ್ನು ನಡೆಸುವ ಸಹಾಯಕ ವಿದ್ಯುತ್ ಸಿದ್ಧವಾಗುವ ತನಕ ಒಂದು ಕಂಟೇನರ್ ಕೂಡ ಕಾರ್ಖಾನೆ ಬಿಡಬಾರದು ಎಂಬ ಷರತ್ತು ಹಾಕುತ್ತೇನೆ. ‘ಸಾಮಾನು ಸೈಟ್ ತಲುಪಿದೆ’ ಎಂದು ಆಡಳಿತ ಮಂಡಳಿಗೆ ತೋರಿಸುವ ಆಸೆಯನ್ನು ತಡೆಯುವುದೂ ಯೋಜನಾ ಮುಖ್ಯಸ್ಥರ ಕೆಲಸವೇ.

ಬ್ಯಾಟರಿ ಒಬ್ಬರದು, ಇನ್ವರ್ಟರ್ ಇನ್ನೊಬ್ಬರದು, ಇಎಂಎಸ್ (ಯಾವಾಗ ಎಷ್ಟು ತುಂಬಿಸಬೇಕು, ಬಿಡಬೇಕು ಎಂದು ಹೇಳುವ ನಿಯಂತ್ರಣ ವ್ಯವಸ್ಥೆ) ಮತ್ತೊಬ್ಬರದು ಆದಾಗ ದೋಷ ಯಾವಾಗಲೂ ಪಕ್ಕದ ಮನೆಯದೇ. ಪ್ರತಿ ಸಿಗ್ನಲ್‌ಗೂ ಕಳಿಸುವವರು, ಪಡೆಯುವವರು, ಅದು ತಡವಾದರೆ ಏನಾಗಬೇಕು ಎಂಬ ಮೂರು ಕಾಲಂಗಳ ಹಾಳೆ ಬರೆಸಿ ಎಲ್ಲರಿಂದ ಸಹಿ ಹಾಕಿಸುತ್ತೇನೆ. ಫರ್ಮ್‌ವೇರ್‌ನ (ಯಂತ್ರದೊಳಗಿನ ಸಾಫ್ಟ್‌ವೇರ್) ಆವೃತ್ತಿ ಸಂಖ್ಯೆಯೂ ಅದೇ ಹಾಳೆಯಲ್ಲಿರುತ್ತದೆ. ಘಟಕ ಸೇರಿದರೆ ಗ್ರಿಡ್ ಮೇಲೆ ಏನಾಗುತ್ತದೆ ಎಂದು ನೋಡುವ ಗ್ರಿಡ್ ಅಧ್ಯಯನ ಒಪ್ಪಿಗೆಯಾದ ಮೇಲೆ ಇನ್ವರ್ಟರ್‌ನ ಫರ್ಮ್‌ವೇರ್ ಬದಲಿಸಿದರೆ ಆ ಅಧ್ಯಯನವನ್ನು ಮತ್ತೆ ಮಾಡಬೇಕಾಗಬಹುದು.

ಕಮಿಷನಿಂಗ್‌ನಲ್ಲಿ (ಘಟಕವನ್ನು ಪರೀಕ್ಷಿಸಿ ಚಾಲೂ ಮಾಡುವ ಹಂತ) ಡಿಸಿ ಬೋಲ್ಟ್‌ಗಳಿಗೆ ತಯಾರಕರು ಹೇಳಿದಷ್ಟೇ ಟಾರ್ಕ್ (ತಿರುಗಿಸುವ ಬಿಗಿ) ಕೊಟ್ಟು ಬಣ್ಣದ ಗೆರೆ ಎಳೆಯುವುದು, ಪೂರ್ಣ ಲೋಡಿನಲ್ಲಿ ಕನಿಷ್ಠ ಒಂದು ಗಂಟೆ ಓಡಿಸಿ ಥರ್ಮಲ್ ಕ್ಯಾಮೆರಾ ಹಿಡಿಯುವುದು. ಅರ್ಧ ಲೋಡಿನ ಫೋಟೊ ಒಪ್ಪಬೇಡಿ. ಕರೆಂಟಿನ ವರ್ಗಕ್ಕೆ (ಕರೆಂಟ್ × ಕರೆಂಟ್) ತಕ್ಕಂತೆ ಬಿಸಿ ಏರುವುದರಿಂದ ಅಲ್ಲಿ ಕಾಣುವುದು ಕಾಲುಭಾಗ ಮಾತ್ರ.

ಬೆಂಕಿಯ ವಿಷಯದಲ್ಲಿ ಹಣ ಉಳಿಸುವ ಚರ್ಚೆಗೇ ನಾನು ಕೂರುವುದಿಲ್ಲ. 2019ರ ಏಪ್ರಿಲ್‌ನಲ್ಲಿ ಅರಿಜೋನಾದ ಮ್ಯಾಕ್‌ಮಿಕೆನ್ ಘಟಕದಲ್ಲಿ ಬೆಂಕಿ ನಂದಿಸುವ ಅನಿಲ ಬಿಡುಗಡೆಯಾಗಿತ್ತು. ಆದರೂ ಸೆಲ್‌ಗಳು ಉಗುಳಿದ ದಹನಶೀಲ ಅನಿಲ ಒಳಗೇ ತುಂಬಿಕೊಂಡಿತ್ತು. ಬಾಗಿಲು ತೆರೆದ ಮೇಲೆ ಸ್ಫೋಟವಾಗಿ ಅಗ್ನಿಶಾಮಕ ಸಿಬ್ಬಂದಿ ಗಾಯಗೊಂಡರು. ಅನಿಲ ಪತ್ತೆ ಸೆನ್ಸರ್, ಹೊರಗೆಳೆಯುವ ಫ್ಯಾನ್, ಆ ಫ್ಯಾನ್‌ಗೆ ಪ್ರತ್ಯೇಕ ಬ್ಯಾಕಪ್ ವಿದ್ಯುತ್, ಒತ್ತಡ ಹೊರಬಿಡುವ ಪ್ಯಾನೆಲ್ ಇವಿಷ್ಟೂ ಇರಬೇಕು. ಯುಎಲ್ 9540ಎ (ಬ್ಯಾಟರಿಯಲ್ಲಿ ಬೆಂಕಿ ಹೇಗೆ ಹರಡುತ್ತದೆ ಎಂದು ನೋಡುವ ಪರೀಕ್ಷೆ) ಪರೀಕ್ಷಾ ವರದಿ ನಾವು ಕೊಳ್ಳುವ ಸೆಲ್ ಮಾದರಿಯದ್ದೇ ಆಗಿರಬೇಕು, ಹಿಂದಿನ ಮಾದರಿಯದ್ದಲ್ಲ.

ಸಾಮರ್ಥ್ಯ ವರ್ಷದಿಂದ ವರ್ಷಕ್ಕೆ ಕುಗ್ಗುವುದರಿಂದ ಮುಂದೆ ಸೇರಿಸಲಿರುವ ಕಂಟೇನರ್‌ಗಳಿಗೆ ಅಡಿಪಾಯ ಮತ್ತು ಕೇಬಲ್ ಟ್ರೆಂಚನ್ನು ಮೊದಲ ದಿನವೇ ಹಾಕಿಸಿಡುತ್ತೇನೆ. ಹೊಸ ರ‍್ಯಾಕ್‌ಗಳನ್ನು ಹಳೆಯವುಗಳ ಡಿಸಿ ಬಸ್‌ಗೆ (ರ‍್ಯಾಕ್‌ಗಳೆಲ್ಲ ಸೇರುವ ಸಾಮಾನ್ಯ ವಾಹಕ) ನೇರವಾಗಿ ಸೇರಿಸಲು ಬಿಡುವುದಿಲ್ಲ. ಒಳರೋಧ ಕಡಿಮೆ ಇರುವ ಹೊಸದೇ ಹೆಚ್ಚು ಕರೆಂಟ್ ಹೊರುತ್ತದೆ, ರ‍್ಯಾಕ್‌ಗಳ ನಡುವೆ ಚಾರ್ಜ್ ಮಟ್ಟ ಹೊಂದುವುದಿಲ್ಲ. ಅವಕ್ಕೆ ಬೇರೆ ಇನ್ವರ್ಟರ್ ಕೊಟ್ಟು ಎಸಿ ಬದಿಯಲ್ಲೇ ಜೋಡಿಸಬೇಕು.