ಸಿಂಬಳಹುಳು ಹಿಡಿಯಲು ಒದ್ದೆ ಗೋಣಿಚೀಲ

ಮುಂಗಾರು ಹಿಡಿದರೆ ಸಾಕು, ಮಲೆನಾಡು ಮತ್ತು ಕರಾವಳಿಯ ತೋಟಗಳಲ್ಲಿ ಸಿಂಬಳಹುಳುಗಳ ಕಾಟ ಶುರು. ಅಡಿಕೆ ಮರವೇರಿ ಹಿಂಗಾರ (ಹೂಗೊಂಚಲು) ಕೆರೆಯುತ್ತವೆ, ಕೈತೋಟದ ಎಳೆ ಸಸಿಗಳನ್ನು ರಾತ್ರೋರಾತ್ರಿ ಬೋಳಿಸುತ್ತವೆ. ಎಲೆಯಲ್ಲಿ ಅಡ್ಡಾದಿಡ್ಡಿ ತೂತು, ಪಕ್ಕದಲ್ಲಿ ಒಣಗಿ ಹೊಳೆಯುವ ಲೋಳೆಯ ಗೆರೆ ಕಂಡರೆ ಇವುಗಳದ್ದೇ ಕೆಲಸ. ಗೆರೆ ಇಲ್ಲದಿದ್ದರೆ ಕಂಬಳಿಹುಳುವನ್ನೋ ಮಿಡತೆಯನ್ನೋ ಹುಡುಕಿ.

ಅತ್ಯಂತ ಅಗ್ಗದ, ನಂಬಬಹುದಾದ ಉಪಾಯ ಗೋಣಿಚೀಲ. ಸಂಜೆ ಚೀಲವನ್ನು ನೀರಲ್ಲಿ ಅದ್ದಿ ಹಿಂಡಿ, ಸಾಲುಗಳ ನಡುವೆ ನಾಲ್ಕೈದು ಮೀಟರಿಗೊಂದರಂತೆ ಹಾಸಿ. ಚೀಲದ ಕೆಳಗೆ ಪಪ್ಪಾಯಿ ಎಲೆ ಅಥವಾ ಕೋಸಿನ ಹೊರ ಎಲೆಗಳನ್ನು ಜಜ್ಜಿ ಇಡಿ. ರಾತ್ರಿ ಮೇಯ್ದ ಹುಳುಗಳು ಬೆಳಕು ಹರಿಯುವ ಮುನ್ನ ತಂಪು ಹುಡುಕಿ ಇದರಡಿ ಸೇರುತ್ತವೆ. ಬಿಸಿಲೇರುವ ಮೊದಲೇ ಚೀಲ ಮಗುಚಿ ಹುಳುಗಳನ್ನು ಆರಿಸಿ ತೆಗೆಯಿರಿ. ಒಂದು ದಿನ ಮಗುಚುವುದು ಮರೆತರೂ ಆ ಚೀಲವೇ ಅವುಗಳಿಗೆ ಮನೆಯಾಗುತ್ತದೆ. ಕೈಗವಸು ಕಡ್ಡಾಯ: ಇವುಗಳ ದೇಹದಲ್ಲಿ ಮನುಷ್ಯನ ಮೆದುಳಿಗೆ ತೊಂದರೆ ಕೊಡುವ ಪರೋಪಜೀವಿ ಇರಬಹುದು. ಅದೇ ಕಾರಣಕ್ಕೆ ತೋಟದ ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿ.

ಆರಿಸಿದ್ದನ್ನು ಲೀಟರಿಗೆ 100 ಗ್ರಾಂ ಉಪ್ಪು ಕರಗಿಸಿದ ಬಕೆಟ್ಟಿಗೆ ಹಾಕಿ. ಸತ್ತ ಮೇಲೆ ನೀರು ಸೋಸಿ, ಹುಳುಗಳನ್ನು ಆಳವಾದ ಗುಂಡಿಯಲ್ಲಿ ಹೂಳಿ. ಉಪ್ಪುನೀರು ಗಿಡದ ಬುಡಕ್ಕೆ ಬೀಳಬಾರದು. ಹಲವರು ಉಪ್ಪನ್ನು ನೇರವಾಗಿ ನೆಲಕ್ಕೇ ಎರಚುತ್ತಾರೆ, ದಯವಿಟ್ಟು ಬೇಡ. ಬೇರು ಸುಡುತ್ತದೆ, ಎರೆಹುಳು ಸಾಯುತ್ತದೆ.

ಬೂದಿ, ಸುಣ್ಣದ ಪಟ್ಟಿ ಒಣಗಿದ್ದಾಗ ಮಾತ್ರ ತಡೆಯುತ್ತದೆ. ಒಂದು ಮಳೆಗೆ ಹೋಯಿತು. ಮಳೆಗಾಲದಲ್ಲಿ ಮರಗಳಿಗೆ ಇದಕ್ಕಿಂತ ಬೋರ್ಡೋ ಮುಲಾಮು ಮೇಲು: ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ಎರಡನ್ನೂ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆ ಕರಗಿಸಿ ಬೆರೆಸಿ, ಕಾಂಡ ಒಣಗಿದ ದಿನ ಒಂದಡಿ ಅಗಲದ ಪಟ್ಟಿಯಂತೆ ಬಳಿಯಿರಿ. ತಾಮ್ರವೆಂದರೆ ಹುಳುಗಳಿಗೆ ಆಗದು. ಆದರೆ ತಾಮ್ರ ಮಣ್ಣಿನಲ್ಲೇ ಉಳಿದುಹೋಗುವುದರಿಂದ ನೆಲಕ್ಕೆ ಸುರಿಯಬೇಡಿ.

ಸಿಂಬಳಹುಳು ಕೊಲ್ಲಲು ಬಳಸುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗೂ ವಿಷ. ತಿಂದ ನಾಯಿ ಸೆಳವು ಬಂದು ಸಾಯಬಹುದು. ಗುಳಿಗೆ ಬೇಕೇ ಬೇಕೆಂದರೆ ಐರನ್ ಫಾಸ್ಫೇಟಿನದ್ದನ್ನು ಕೇಳಿ.

ನೀರು ಹಾಯಿಸುವುದಿದ್ದರೆ ಬೆಳಿಗ್ಗೆ ಹಾಯಿಸಿ, ಸಂಜೆಗೆ ಮೇಲ್ಮಣ್ಣು ಒಣಗಿರಲಿ. ಮುಚ್ಚಿಗೆ ಸೊಪ್ಪನ್ನು ಸಸಿಯ ಬುಡದಿಂದ ಗೇಣುದ್ದ ದೂರ ಸರಿಸಿ. ಮಿಂಚುಹುಳದ ಮರಿಗಳು ಸಿಂಬಳಹುಳುಗಳನ್ನು ತಿನ್ನುತ್ತವೆ, ಕೀಟನಾಶಕ ಹೊಡೆದರೆ ಆ ಮರಿಗಳೂ ಸಾಯುತ್ತವೆ. ಮಳೆ ಬಿಡುವು ಕೊಟ್ಟಾಗ ಕಲ್ಲು, ಕೊಳೆತ ಸೋಗೆಯ ಅಡಿ ನೋಡಿ: ಸಾಬಕ್ಕಿಯಂತಹ ಮೊಟ್ಟೆಗಳ ಗೊಂಚಲು ಸಿಕ್ಕಿದರೆ ಜಜ್ಜಿಹಾಕಿ.